ಮೂರನೇ ಮಿಷನ್ನಿನಲ್ಲಿ ಉಳಿದ ಚೀಟಿ

12 ನವೆಂಬರ್ 2007, ಸೋಮವಾರ. ಹಿರಿಯೂರು

ಚಿತ್ರದುರ್ಗದ ಲಕ್ಷ್ಮೀಕಾಂತನಿಗೆ ಇವತ್ತಿನಿಂದ ಅಲಕ್ಷ್ಯಕಾಂತ ಎಂದು ನಾಮಕರಣ ಮಾಡಿದ್ದೇನೆ. ತೊಟ್ಟಿಲು ಕಟ್ಟಿಲ್ಲ, ಸಕ್ಕರೆ ಹಂಚಿಲ್ಲ, ಅಷ್ಟೆ. "ಎಂಟು ದಿನದಾಗೆ ಫೋಟೋ ತೆಗೆದು ವಾಪಸ್ ಕೊಡ್ತೀನಿ ಅಜ್ಜ" ಎಂದು ನನ್ನ ಹತ್ತೊಂಬತ್ತು ಪುಸ್ತಕಗಳನ್ನು ಅಕ್ಕಿಚೀಲದಲ್ಲಿ ತುಂಬಿಕೊಂಡು ಹೋದವನು ಎರಡು ತಿಂಗಳಾದರೂ ಒಂದು ಹಾಳೆ ತಂದಿಲ್ಲ. ಕೇಳಿದರೆ ಇನ್ನೂ ಟೈಪು ನಡೆದಿದೆಯಂತೆ. ಟೈಪೋ, ಟೈಂಪಾಸೋ! ಬರೆದು ಅಭ್ಯಾಸವಾದ ಕೈ ಸುಮ್ಮನೆ ಕೂರುವುದಿಲ್ಲ. ಗೊಬ್ಬರದಂಗಡಿಯವರು ಕೊಟ್ಟ ಡೈರಿಯೊಂದು ಜನವರಿಯಿಂದ ಖಾಲಿ ಬಿದ್ದಿತ್ತು, ತೆಗೆದುಕೊಂಡು ಕುಳಿತಿದ್ದೇನೆ. ಓದುವವರು ಯಾರೂ ಇಲ್ಲ. ಆರಾಮಾಗಿ ಬೈಯಬಹುದು.

ನಾವು ಹೆಳವರು. ಮನೆತನಗಳ ಬಳ್ಳಿ ಹೇಳುವವರು. ನನ್ನ ಪಾಲಿಗೆ ಹಿರಿಯೂರು, ಹೊಸದುರ್ಗದ ಕಡೆಯ ಮುನ್ನೂರ ನಲವತ್ತು ಮನೆ. ಎರಡು ಮೂರು ವರ್ಷಕ್ಕೊಮ್ಮೆ ಬಾಗಿಲಿಗೆ ಹೋಗುವುದು, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಓದುವುದು, ಹುಟ್ಟಿದವರು, ಸತ್ತವರು, ಕೊಟ್ಟ ಹೆಣ್ಣು, ತಂದ ಹೆಣ್ಣು ಎಲ್ಲವನ್ನೂ ಯಜಮಾನನ ಬಾಯಿಂದ ಕೇಳಿ ಬರೆದುಕೊಳ್ಳುವುದು, ಕೊಟ್ಟ ರಾಗಿ ಹೊತ್ತು ಬರುವುದು. ಒಂದು ಮನೆಯ ಹಾಳೆಯನ್ನು ಇನ್ನೊಂದು ಮನೆಯಲ್ಲಿ ತೆಗೆಯುವಂತಿಲ್ಲ. ಬಾಯಲ್ಲಿ ನಾನೆಂಥ ಕಿಲಾಡಿ ಅಂತ ಹಿರಿಯೂರಿಗೆಲ್ಲ ಗೊತ್ತು. ದಾವಣಗೆರೆ ಬಸ್ಸು ಕಾಯುತ್ತಿದ್ದವರನ್ನು ತುಮಕೂರು ಬಸ್ಸಿಗೆ ಹತ್ತಿಸಿ ಟಾಟಾ ಮಾಡಿದವನು ನಾನು. ಆದರೆ ಪುಸ್ತಕದಲ್ಲಿ ಐವತ್ತೆರಡು ವರ್ಷದಲ್ಲಿ ಒಂದು ಸುಳ್ಳಕ್ಷರ ಬರೆದಿಲ್ಲ.

ಈಗ ಆ ಪುಸ್ತಕಗಳೆಲ್ಲ ‘ಮನೆಬಳ್ಳಿ’ ಎಂಬ ವೆಬ್‌ಸೈಟಿನಲ್ಲಿ ಹಬ್ಬುತ್ತಿವೆ. ದುರ್ಗದ ನಾಲ್ಕಾರು ದೊಡ್ಡವರ ಸಮಿತಿ, ಅದಕ್ಕೆ ಲಕ್ಷ್ಮೀಕಾಂತ ಕಾರ್ಯದರ್ಶಿ. "ಸೈಟು ಅಂದ್ರೆ ಮೂವತ್ತು ನಲವತ್ತರದ್ದಾ? ನಂಗೂ ಒಂದು ಬರ್ಕೊಡ್ರಿ" ಎಂದಿದ್ದೆ. ಯಾರೂ ನಗಲಿಲ್ಲ. ಒಂದೊಂದು ಮನೆಗೆ ಒಂದೊಂದು ಪಾಸ್‌ವರ್ಡು, ಅವರ ಹಾಳೆ ಅವರಿಗೆ ಮಾತ್ರ. ನನ್ನದೊಂದಕ್ಕೆ ಎಲ್ಲ ಹಾಳೆಯೂ ತೆರೆಯುತ್ತದೆ, ತಿದ್ದಲೂಬಹುದು. ಸೈಟಿನ ಬಾಗಿಲಲ್ಲಿ ಹಾಕಬೇಕಾದ ಗೌಪ್ಯತೆಯ ಮಾತು ಇಂಗ್ಲಿಷಿನಲ್ಲಿತ್ತು. ಅವನು ಅರ್ಥ ಹೇಳಿದ, ನಾನು ಕನ್ನಡ ಮಾಡಿಕೊಟ್ಟೆ: ‘ನಿಮ್ಮ ಮನೆಯ ವಿಷಯ ನಮ್ಮಲ್ಲಿ ಗುಟ್ಟಾಗಿರುತ್ತದೆ. ಮತ್ತೆ ಬಂದಾಗ ಗುರುತು ಹಿಡಿಯಲು ನಿಮ್ಮ ಯಂತ್ರದಲ್ಲಿ ಒಂದು ಸಣ್ಣ ಚೀಟಿ ಇಟ್ಟಿರುತ್ತೇವೆ.’ ಆ ಚೀಟಿಗೆ ಕುಕಿ ಅನ್ನುತ್ತಾರಂತೆ.

"ಕೋಳಿ ಕುಕ್ಕಿದಂಗೆ ಮಂದಿ ವಿಷ್ಯ ಕುಕ್ಕಿ ಕುಕ್ಕಿ ತಿಂತದೆ, ಅದಕ್ಕೇ ಕುಕಿ ಅಂದ್ರಾ?"

"ಹಂಗಲ್ಲ ಅಜ್ಜ."

ಎಲ್ಲದಕ್ಕೂ ಹಂಗಲ್ಲ ಅಜ್ಜ. ಹೆಂಗೆ ಅಂತ ಮಾತ್ರ ಹೇಳುವುದಿಲ್ಲ.

ಬಸ್‌ ಸ್ಟ್ಯಾಂಡಿನ ಎದುರು ಚಂದ್ರಕ್ಕನ ಬ್ರೌಸಿಂಗ್ ಸೆಂಟರು. ನಾನು ಬೇವರ್ಸಿ ಸೆಂಟರು ಅಂತೀನಿ, ಅವಳು ಬೈತಾಳೆ. ಅಲ್ಲಿ ಮೂರನೇ ಮಿಷನ್ನು ನನ್ನದು. ನನ್ನ ಪಾಸ್‌ವರ್ಡಿಗೆ ಹದಿನಾಲ್ಕು ಅಕ್ಷರ ಇಟ್ಟಿದ್ದಾನೆ ಆ ಅಲಕ್ಷ್ಯಕಾಂತ. ಏಳನೇ ಕ್ಲಾಸು ಪಾಸಾದವನಿಗೆ ಇಷ್ಟುದ್ದ ಪಾಸೇ? ಕುಟ್ಟಿ ಕುಟ್ಟಿ ಬೆರಳು ಸೋತು, ಇವತ್ತು ಅದರ ಕೆಳಗಿದ್ದ ಚೌಕಕ್ಕೆ ಟಿಕ್ ಹಾಕಿಬಿಟ್ಟೆ. ‘ನನ್ನನ್ನು ನೆನಪಿಡು’ ಅಂತ ನಾನೇ ಬರೆದುಕೊಟ್ಟ ಕನ್ನಡ. ನೆನಪಿಡಲಿ. ಕೆಲಸ ಮುಗಿದ ಮೇಲೆ ಎಂದಿನಂತೆ "ಮುಚ್ಚಮ್ಮ ಚಂದ್ರಕ್ಕ" ಎಂದು ಎದ್ದು ಬಂದೆ. ಪುಸ್ತಕ ತೆಗೆಯುವುದು ಹೆಳವ, ಮುಚ್ಚುವುದು ಮನೆಯವರು. ತಾನೇ ತೆಗೆದು ತಾನೇ ಮುಚ್ಚಿದರೆ ಆ ಬಳ್ಳಿ ಅಲ್ಲಿಗೇ ನಿಂತಂತೆ ಎಂದು ನಮ್ಮಜ್ಜ ಹೇಳುತ್ತಿದ್ದ. ಸೆಂಟರಿಗೆ ಮನೆಯವಳು ಅಂದರೆ ಚಂದ್ರಕ್ಕನೇ ತಾನೆ.

14 ನವೆಂಬರ್, ಬುಧವಾರ

ಬೆಳಗ್ಗೆ ಹೋಟೆಲಿನಲ್ಲಿ ಒಳ್ಳೆ ಆಟ. ದಪ್ಪ ಮೀಸೆ, ಹೆಗಲ ಮೇಲೆ ಹಳದಿ ಟವೆಲ್ಲು, ಹೊಸ ಮುಖ. ನನ್ನ ಎದುರಿಗೇ ಕೂತ. ನಾನು ಹೋಟೆಲಿನವನ ಮುತ್ತಜ್ಜನ ಅಡ್ಡಹೆಸರು ಹೇಳಿ ಎಲ್ಲರನ್ನೂ ನಗಿಸುತ್ತಿದ್ದೆ. ಇವನೊಬ್ಬ ನಗಲಿಲ್ಲ.

"ಹರಿಯಬ್ಬೆ ಕಡೆ ಮನೆಗಳೂ ಅವೇನ್ರಿ ನಿಮ್ಮ ತಾವ?" ಅಂದ.

"ಹರಿಯಬ್ಬೆ, ಹರಿಯದಬ್ಬೆ, ಎಲ್ಲಾ ಅವೆ."

"ಕುರಿ ಸಾಕೋರ್ದು?"

"ಕುರಿದೂ ಐತೆ, ಕುರಿ ಕಾಯೋರ್ದೂ ಐತೆ, ಕುರಿ ತಿಂದೋರ್ದೂ ಐತೆ. ಈಗ ಬುಕ್ಕಿನಾಗಿಲ್ಲಪ್ಪ, ಚಂದ್ರಕ್ಕನ ಅಂಗಡಿ ಮೂರನೇ ಮಿಷನ್ನಿನ ಹೊಟ್ಟೆಯಾಗೆ ಮಲಗ್ಯಾವೆ. ಯಾವ ಮಗಳು ಯಾವೂರಾಗೆ ಅವ್ಳೆ ಅಂತ ಬೆರಳು ತಟ್ಟಿದ್ರೆ ಎದ್ದು ಹೇಳ್ತಾವೆ."

ನನ್ನ ಕಾಫಿ, ವಡೆ ಎರಡನ್ನೂ ಅವನೇ ಕೊಡಿಸಿದ. ಪಾಪದ ಮನುಷ್ಯ.

ನಾಳೆ ಹೊಸದುರ್ಗಕ್ಕೆ.

20 ನವೆಂಬರ್, ಮಂಗಳವಾರ

ಹೊಸದುರ್ಗದಲ್ಲಿ ಐದು ದಿನ, ಒಂಬತ್ತು ಮನೆ. ಒಂಬತ್ತರಲ್ಲೂ ಒಂದೇ ಪ್ರಶ್ನೆ, "ಬುಕ್ಕೆಲ್ಲಿ ಹೆಳವಪ್ಪ?" ಬಾಯಲ್ಲೇ ಹೇಳಿದೆ. ಒಂದು ಮನೆಯಲ್ಲಿ ಎರಡನೇ ಹೆಂಡತಿಯ ಮಕ್ಕಳನ್ನು ಮೊದಲನೆಯವಳ ಮಡಿಲಿಗೆ ಹಾಕಿಬಿಟ್ಟೆ. ಆ ಮುದುಕಿ ಪೊರಕೆ ಹುಡುಕಿದಳು. ಇದೆಲ್ಲ ಅಲಕ್ಷ್ಯಕಾಂತನ ಲೆಕ್ಕಕ್ಕೆ.

ಮನೆಗೆ ಬಂದರೆ ದುರುಗಕ್ಕ, "ಕಂಪ್ಯೂಟರ್ ಹೆಳವ ಬಂದ, ಮೌಸಿಗೆ ಹುಲ್ಲು ಹಾಕ್ಲಾ?" ಅಂದಳು. ನಲವತ್ತೆಂಟು ವರ್ಷ ನನ್ನ ಜತೆ ಬಾಳಿ ಅವಳಿಗೂ ಈ ರೋಗ ಅಂಟಿದೆ.

22 ನವೆಂಬರ್, ಗುರುವಾರ

ಪೆನ್ನಿನ ಮೊನೆ ಹಾಳೆ ಹರಿಯುತ್ತಿದೆ. ಸಿಟ್ಟಿಗೆ.

ಹರಿಯಬ್ಬೆಯ ಪಾಲಯ್ಯ ಮೊದಲ ಬಸ್ಸಿಗೇ ಬಂದ. ಇನ್ನೂರು ಕುರಿ ಸಾಕಿದವನು, ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕಂಡಿಲ್ಲ. ಇವತ್ತು ಬೀದಿಯಿಂದಲೇ ಕೂಗಿದ.

"ಹೊರಗೆ ಬರ್ರಿ ಹೆಳವಪ್ಪ."

"ಬಾರಪ್ಪ, ಕುಂತ್ಕ. ಕಾಫಿ..."

"ಕುಂತ್ಕಳಾಕೆ ಬಂದಿಲ್ಲ. ನನ್ನ ತಂಗಿ ಎಲ್ಲವ್ಳೆ ಅಂತ ಯಾರಿಗೆ ಮಾರಿದ್ರಿ?"

ಅವನ ತಂಗಿ ಸಿದ್ದಕ್ಕ. ಅವಳ ಗಂಡ ಶಿವಯ್ಯ ಆರು ವರ್ಷದ ಹಿಂದೆ ಒನಕೆಯಿಂದ ಅವಳ ಎಡಗೈ ಮುರಿದ. ತವರಿಗೆ ಬಂದಳು. ಎರಡು ಸಲ ಬಂದು ಎಳೆದುಕೊಂಡು ಹೋದ. ಮೂರನೇ ಸಲ ಅವಳು ತವರಿಗೆ ಬರಲಿಲ್ಲ, ಹೊಳಲ್ಕೆರೆಗೆ ಹೋಗಿ ಅಡಿಕೆ ಸುಲಿಯುವ ಕೆಲಸಕ್ಕೆ ಸೇರಿದಳು. ಅಣ್ಣನಿಗೊಬ್ಬನಿಗೇ ತಿಳಿಸಿದ್ದಳು. ಎರಡು ವರ್ಷದ ಹಿಂದೆ ನಾನು ಅವರ ಮನೆಯ ಬಳ್ಳಿ ಓದುವಾಗ ಪಾಲಯ್ಯ ಕಿವಿಯಲ್ಲಿ ಹೇಳಿದ, ನಾನು ಬರೆದುಕೊಂಡೆ: ‘ಸಿದ್ದಕ್ಕ, ಪಾಲಯ್ಯನ ತಂಗಿ, ಶಿವಯ್ಯನಿಗೆ ಕೊಟ್ಟದ್ದು, ಬಿಟ್ಟು ಬಂದದ್ದು. ಹೊಳಲ್ಕೆರೆ, ಮಾರುಕಟ್ಟೆ ಯಾರ್ಡಿನ ಹಿಂದೆ, ಅಡಿಕೆ ಶೆಡ್ಡು.’ ಶಿವಯ್ಯನ ಮನೆ ಬೇರೆ ಹೆಳವರ ಪಾಲಿನದು. ಅವನ ಮುಖವನ್ನೂ ನಾನು ನೋಡಿದವನಲ್ಲ.

ನಿನ್ನೆ ಬುಧವಾರ ಆ ಶಿವಯ್ಯ ಸೀದಾ ಶೆಡ್ಡಿನ ಬಾಗಿಲಿಗೆ ಹೋಗಿದ್ದಾನೆ. ದಾರಿ ಕೇಳಿಲ್ಲ, ಹುಡುಕಿಲ್ಲ. ಅವನ ಕಣ್ಣಿಗೆ ಬಿದ್ದ ಮೇಲೆ ಇವಳು ಮೂಟೆಗಳ ಹಿಂದೆ ಹೋಗಿ ಕೂತಿದ್ದಾಳೆ. ಶೆಡ್ಡಿನವರು ಒಳಗೆ ಬಿಟ್ಟಿಲ್ಲ. ಹೋಗುವಾಗ ಬೀದಿಗೆಲ್ಲ ಕೇಳುವಂತೆ, "ಮುಂದಿನ ಬುಧವಾರ ಬರ್ತೀನಿ. ಗಂಟು ಕಟ್ಕಂಡು ನಿಂತಿರು. ಇಲ್ಲಾಂದ್ರೆ ಇನ್ನೊಂದು ಕೈನೂ ನಂದೇ" ಎಂದು ಹೇಳಿ ಹೋಗಿದ್ದಾನೆ.

"ಅವಳಿಗೆ ಗೊತ್ತು, ನಂಗೆ ಗೊತ್ತು, ನಿಮ್ಮ ಬುಕ್ಕಿಗೆ ಗೊತ್ತು. ನಾಲ್ಕನೇ ನರಪಿಳ್ಳೆಗೆ ಗೊತ್ತಿಲ್ಲ" ಅಂದ ಪಾಲಯ್ಯ.

"ಸಂತೆಯಾಗೆ ಎಲ್ಲಾದ್ರೂ ನೀನೇ ಬಾಯಿ ಬಿಟ್ಟಿರ್ತೀಯ."

"ನನ್ನ ಹೆಂಡ್ತಿಗೂ ಹೇಳಿಲ್ಲ ಕಣ್ರಿ! ಆರು ವರ್ಷ!"

ನಾನೂ ಕೂಗಿದೆ. ಹೆಳವನ ಪುಸ್ತಕದಿಂದ ಮಾತು ಹೊರಗೆ ಹೋದದ್ದು ಕೇಳಿದ್ದೀಯಾ ಎಂದೆ. ನಮ್ಮಪ್ಪ, ನಮ್ಮಜ್ಜ ಎಲ್ಲರನ್ನೂ ಕರೆದೆ. ಅವನು ಕೇಳಲಿಲ್ಲ.

"ಇನ್ನು ನಮ್ಮ ಬಾಗಿಲಿಗೆ ಬರಬ್ಯಾಡ್ರಿ" ಎಂದು ಹೋದ.

ಈ ಮಾತನ್ನು ನನಗೆ ಹೇಳಿದ ಮೊದಲನೇ ಮನೆ ಅದು. ಲಕ್ಷ್ಮೀಕಾಂತನನ್ನು ನಾಳೆ ಬಿಡುವುದಿಲ್ಲ.

23 ನವೆಂಬರ್, ಶುಕ್ರವಾರ

ದುರ್ಗದಲ್ಲಿ ಅವನ ಅಂಗಡಿಯಲ್ಲಿ ಮದುವೆಪತ್ರ ಅಚ್ಚಾಗುತ್ತಿತ್ತು. ನಾನು ಮೆಟ್ಟಿಲು ಹತ್ತುವಾಗಲೇ ಬೈಗುಳ ಶುರು ಮಾಡಿದ್ದೆ. ಮದುವೆಪತ್ರಕ್ಕೆ ಬಂದಿದ್ದ ಬೀಗರು ಎದ್ದು ಹೊರಗೆ ಹೋದರು.

"ಗುಟ್ಟಾಗಿರ್ತದೆ ಅಂತ ಬರೆಸಿದ್ಯಲ್ಲೋ! ನಿಂದು ಸೈಟಲ್ಲ ಕಣೋ, ಸಂತೆ! ಒಂದು ಹೆಣ್ಣಿನ ಜೀವ ಹರಾಜಿಗಿಟ್ಟಿದೀಯ!"

ಅವನು ವಾದ ಮಾಡಲಿಲ್ಲ. ಕಂಪ್ಯೂಟರಿನಲ್ಲಿ ಏನೋ ಉದ್ದದ ಪಟ್ಟಿ ತೆಗೆದ. ಯಾವ ಹಾಳೆಯನ್ನು ಯಾವಾಗ ಯಾರ ಪಾಸ್‌ವರ್ಡಿನಿಂದ ತೆರೆದರು ಅಂತ ಅದರಲ್ಲಿ ಇರುತ್ತದಂತೆ. ಬೆರಳಿಟ್ಟು ತೋರಿಸಿದ.

"ಪಾಲಯ್ಯನ ಮನೆ ಹಾಳೆ. ಹದಿನಾರನೇ ತಾರೀಖು, ಮಧ್ಯಾಹ್ನ ಮೂರೂ ಹತ್ತು. ಹಿರಿಯೂರಿಂದ. ಅಜ್ಜ, ನಿಮ್ಮ ಪಾಸ್‌ವರ್ಡು."

"ಸುಳ್ಳು! ಹದಿನಾರಕ್ಕೆ ನಾನು ಹೊಸದುರ್ಗದಾಗಿದ್ದೆ."

"ನೀವು ಇರ್ಲಿಲ್ಲ. ನಿಮ್ಮ ಚೀಟಿ ಇತ್ತು."

ಸೈಕಲ್ ಸ್ಟ್ಯಾಂಡು ಇದ್ದಂತೆ ಎಂದು ವಿವರಿಸಿದ. ಸೈಕಲ್ ಬಿಟ್ಟರೆ ಚೀಟಿ ಕೊಡುತ್ತಾರೆ. ಚೀಟಿ ತಂದವನಿಗೆ ಸೈಕಲ್ಲು. ಅವನು ಯಾರು, ಏನು ಎಂದು ಸ್ಟ್ಯಾಂಡಿನವನು ಕೇಳುವುದಿಲ್ಲ. ನಾನು ಟಿಕ್ ಹಾಕಿದಾಗ ನನ್ನ ಚೀಟಿ ಮೂರನೇ ಮಿಷನ್ನಿನಲ್ಲೇ ಉಳಿಯಿತು. ಆಮೇಲೆ ಅಲ್ಲಿ ಕೂತವರೆಲ್ಲ ಸೈಟಿನ ಲೆಕ್ಕದಲ್ಲಿ ನಾನೇ, ಹೆಳವರ ಓಬಯ್ಯನೇ.

"ಹೊರಗೆ ಬರೋವಾಗ ಲಾಗೌಟ್ ಒತ್ತಬೇಕು, ಆಗ ಚೀಟಿ ಹರಿದು ಹೋಗ್ತದೆ. ಮೂರು ಸಲ ಹೇಳಿದ್ದೆ ನಿಮಗೆ. ಚೀಟಿ ವಿಷ್ಯ ನೀವೇ ಬರೆದಿದ್ದಲ್ವಾ ಅಜ್ಜ?"

"ನೀನು ಹೇಳಿದ್ದು ಬರ್ದೆ! ನಂಗೇನು ಗೊತ್ತೋ ಅದರ ಹೊಟ್ಟೆ ಬೆನ್ನು! ಈಗ್ಲೇ ಆ ಹಾಳೆ ಕಿತ್ತುಹಾಕು."

"ನಾನೊಬ್ನೇ ತೆಗೆಯೋ ಹಂಗಿಲ್ಲ. ಸಮಿತಿ ಸೇರ್ಬೇಕು."

"ನಿಮ್ಮ ಸಮಿತಿ ಸೇರೋ ಹೊತ್ತಿಗೆ ಅವಳ ತಿಥಿ ಸೇರ್ತದೆ!"

ಅವನು ಎದ್ದ. ಅಂಗಡಿಯ ಹಿಂದಿನಿಂದ ಅಕ್ಕಿಚೀಲ ತಂದು ನನ್ನ ಮುಂದಿಟ್ಟ. ಹತ್ತೊಂಬತ್ತೂ ಇದ್ದವು. ಹೊತ್ತುಕೊಂಡು ಬಂದೆ. ಬಸ್ಸಿನಲ್ಲಿ ಹಿರಿಯೂರಿನವರೆಗೂ ಅವನನ್ನೇ ಬೈಯುತ್ತಿದ್ದೆ. ತಪ್ಪು ಪೂರ್ತಿ ಅವನದೇ. ಅಲ್ಲದಿದ್ದರೆ ಆ ಚಂದ್ರಕ್ಕನದು. ಮುಚ್ಚು ಅಂದರೆ ಮುಚ್ಚಬೇಕಿತ್ತು.

24 ನವೆಂಬರ್, ಶನಿವಾರ

"ಮುಚ್ಚಮ್ಮ ಅಂತ ಹೇಳ್ಲಿಲ್ವಾ ನಾನು?"

"ಮುಚ್ಚಿದೀನಲ್ಲ ಅಜ್ಜ! ಮೂಲೆಯಾಗಿನ ಕತ್ತರಿ ಗುರುತು ಒತ್ತಿ ಮುಚ್ಚಿದೆ. ನೀವು ಬಾಗಿಲು ಹಾಕು ಅಂದ್ರಿ, ಹಾಕಿದೆ. ಬೀಗದ ಕೈ ಬಾಗಿಲಾಗೇ ನೇತಾಕಿದೀರ ಅಂತ ನಂಗೆ ಕನಸು ಬೀಳ್ತದಾ?"

ಚಂದ್ರಕ್ಕ ಗಂಡ ತೀರಿದ ಮೇಲೆ ಫೋನ್ ಬೂತು, ಜೆರಾಕ್ಸು, ಈ ನಾಲ್ಕು ಮಿಷನ್ನು ಎಲ್ಲವನ್ನೂ ಒಬ್ಬಳೇ ನಡೆಸುವವಳು. ದನಿಗೆ ಹೆದರುವವಳಲ್ಲ. ಬಂದವರ ಹೆಸರು, ಹೊತ್ತು ಬರೆಸುವ ರಿಜಿಸ್ಟರನ್ನು ನನ್ನ ಮುಂದೆ ಕುಕ್ಕಿದಳು. ಹದಿನಾರನೇ ತಾರೀಖು, ಮೂರು ಗಂಟೆ, ಮಿಷನ್ 3. ಶಿವಯ್ಯ. ಮುಚ್ಚುಮರೆಯಿಲ್ಲದೆ ತನ್ನ ಹೆಸರನ್ನೇ ಬರೆದಿದ್ದಾನೆ.

"ಮೂರನೇ ಮಿಷನ್ನೇ ಬೇಕು ಅಂದ. ಹೆಂಡ್ತಿ ಮನೆ ಬಳ್ಳಿ ನೋಡ್ಬೇಕು, ಕನ್ನಡ ಟೈಪು ಬರಲ್ಲಕ್ಕ ಅಂದ. ನಾನೇ..." ಎಂದು ನಿಲ್ಲಿಸಿದಳು.

"ನೀನೇ ಏನು?"

"ನಾನೇ ಸಿದ್ದಕ್ಕ ಅಂತ ಟೈಪು ಮಾಡ್ಕೊಟ್ಟೆ ಅಜ್ಜ. ಎಷ್ಟು ಪ್ರೀತಿಯಿಂದ ಹುಡುಕ್ತಾನಲ್ಲ ಅನ್ನಿಸ್ತು."

ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು, "ದಪ್ಪ ಮೀಸೆ, ಹೆಗಲ ಮ್ಯಾಲೆ ಹಳದಿ ಟವೆಲ್ಲು, ನೋಡಿದ್ರೆ ಒಳ್ಳೇನಂಗೇ ಇದ್ದ" ಅಂದಳು.

ರಿಜಿಸ್ಟರನ್ನು ಅವಳ ಕಡೆಗೆ ತಳ್ಳಿ ಎದ್ದು ಬಂದೆ.

25 ನವೆಂಬರ್, ಭಾನುವಾರ

ಅವನು ಕೊಡಿಸಿದ ವಡೆ ತಿಂದೆ. ಎರಡು ತಿಂದೆ.

26 ನವೆಂಬರ್, ಸೋಮವಾರ

ದುರುಗಕ್ಕ ಬೆಳಗ್ಗೆ ಹೇಳಿದಳು, "ಸುಮ್ನೆ ಇದ್ದುಬಿಡ್ರಿ. ಪಾಲಯ್ಯ ಒಬ್ಬ ಬೈತಾನೆ, ಬೈಲಿ. ಉಳಿದ ಮುನ್ನೂರ ಮೂವತ್ತೊಂಬತ್ತು ಮನೆಗೆ ಗೊತ್ತಾದ್ರೆ ಒಂದು ಸೇರು ರಾಗಿ ಹುಟ್ಟಲ್ಲ." ಅವಳ ಮಾತಲ್ಲಿ ತಪ್ಪೇನಿಲ್ಲ. ಅದಕ್ಕೇ ಅವಳ ಮೇಲೂ ಕೂಗಾಡಿದೆ.

ಬುಧವಾರಕ್ಕೆ ಎರಡೇ ದಿನ. ಮಧ್ಯಾಹ್ನ ಒಂದು ಉಪಾಯ ಹೊಳೆಯಿತು. ಹಾಳೆ ತೋರಿಸಿದ ದಾರಿಯಲ್ಲಿ ತಾನೇ ಅವನು ಹೋದದ್ದು? ಹಾಳೆಯೇ ಅವನನ್ನು ವಾಪಸು ಕಳಿಸಲಿ. ಚಂದ್ರಕ್ಕನ ಸೆಂಟರಿಗೆ ಹೋದೆ. ಹಳೆ ಚೀಟಿಯನ್ನು ಅವಳು ಶನಿವಾರವೇ ಹರಿದುಹಾಕಿದ್ದಳು, ಹದಿನಾಲ್ಕು ಅಕ್ಷರವನ್ನೂ ಮತ್ತೆ ಕುಟ್ಟಿದೆ. ಟಿಕ್ ಹಾಕಲಿಲ್ಲ. ಸಿದ್ದಕ್ಕನ ಸಾಲು ತೆಗೆದೆ. ಹೊಳಲ್ಕೆರೆ ಅಳಿಸಿ ಬಳ್ಳಾರಿ ಅಂತ ಬರೆದೆ. ಬಳ್ಳಾರಿಗೂ ಹೋಗಿ ಹುಡುಕಿದರೆ? ಅಳಿಸಿದೆ. ಆಮೇಲೆ ಬರೆದೆ: ‘ಸಿದ್ದಕ್ಕ. 22ನೇ ನವೆಂಬರ್ 2007ರಂದು ಕಾಲವಾದಳು.’

ಬಾಯಲ್ಲಿ ಸುಳ್ಳು ಹೇಳುವಾಗ ನನಗೆ ಮೈಯೆಲ್ಲ ಖುಷಿಯಾಗುತ್ತದೆ. ಇದನ್ನು ಬರೆದಾಗ ಆಗಲಿಲ್ಲ. ಆದರೂ ಒಳ್ಳೆ ಉಪಾಯವೇ. ಸತ್ತವಳನ್ನು ಯಾರು ಹುಡುಕುತ್ತಾರೆ? ಹೊರಗೆ ಬರುವಾಗ ಲಾಗೌಟ್ ನಾನೇ ಒತ್ತಿದೆ. ಚಂದ್ರಕ್ಕ ನೋಡುತ್ತಿದ್ದಳು.

27 ನವೆಂಬರ್, ಮಂಗಳವಾರ. ಹೊಳಲ್ಕೆರೆ

ಪಾಲಯ್ಯನ ಮನೆಯ ಹಾಳೆಯಿರುವ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಬೆಳಗಿನ ಬಸ್ಸಿಗೆ ಬಂದೆ. ಶೆಡ್ಡಿನಲ್ಲಿ ಹದಿನೈದು ಇಪ್ಪತ್ತು ಹೆಂಗಸರು ಕತ್ತಿಯ ಮುಂದೆ ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದರು. ಸಿದ್ದಕ್ಕನನ್ನು ಅವಳು ಲಂಗ ಉಡುವ ಚಿಕ್ಕ ಹುಡುಗಿಯಾಗಿದ್ದಾಗ ನೋಡಿದ್ದು. ಎಡಗೈ ಮೊಣಕೈಯ ಕೆಳಗೆ ಸೊಟ್ಟ ಕೂಡಿಕೊಂಡಿದೆ. ಆ ಕೈಯಲ್ಲಿ ಕಾಯಿ ಹಿಡಿದು ಕತ್ತಿಗೆ ಒತ್ತುವುದು ಎಲ್ಲರಿಗಿಂತ ಜೋರು.

"ಹೆಳವಜ್ಜ ಅಲ್ವಾ? ಬರ್ರಿ" ಎಂದು ಗೋಣಿಚೀಲ ಹಾಸಿದಳು. ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು.

ಚೀಟಿ, ಮಿಷನ್ನು, ವಡೆ ಎಲ್ಲ ಹೇಳಿದೆ. ಕೆಲಸ ನಿಲ್ಲಿಸದೆ ಕೇಳಿದಳು. ಕೊನೆಗೆ ನನ್ನ ಉಪಾಯವನ್ನೂ ಹೇಳಿದೆ. ಆಗ ಕೈ ನಿಂತಿತು.

"ನನ್ನ ಸಾಯ್ಸಿದ್ರಾ?"

"ಹಾಳೆ ಮ್ಯಾಲೆ ಅಷ್ಟೇ ಕಣಮ್ಮ. ಅವನು ನಂಬ್ಲಿ ಅಂತ."

"ಅವನು ಹೋದ ಬುಧವಾರ ನನ್ನ ಕಣ್ಣಾರೆ ಕಂಡವ್ನೆ. ನಂಬೋರು ಯಾರು? ನಮ್ಮಣ್ಣನ ಮಕ್ಕಳು ನಂಬ್ತಾರೆ, ಇಪ್ಪತ್ತು ವರ್ಷ ಬಿಟ್ಟು ಓದಿ." ಪಕ್ಕದವಳ ಕಡೆ ತಿರುಗಿ, "ಕೇಳಿದ್ಯಾ ಬರಗೇರಮ್ಮ, ನಾನು ಸತ್ತು ಐದು ದಿನ ಆತಂತೆ. ಇವತ್ತಿನ ಕೂಲಿ ಯಾರಿಗೆ ಕೊಡ್ತಾರೋ" ಅಂದಳು.

ಬರಗೇರಮ್ಮ ಎಂಬ ಆ ದಪ್ಪ ಹೆಂಗಸು, "ದೆವ್ವಕ್ಕೆ ಅರ್ಧ ಕೂಲಿ ಕಣೇ" ಎಂದಳು. ಶೆಡ್ಡೆಲ್ಲ ನಕ್ಕಿತು. ಸಿದ್ದಕ್ಕನೂ ನಕ್ಕಳು, ಆದರೆ ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಬುಕ್ಕು ತೆಗೀರಿ. ನನ್ನ ಹೆಸರಿನ ಮುಂದೆ ಏನೈತೆ ಓದ್ರಿ."

ಓದಿದೆ.

"ಇದನ್ನ ಯಾರು ಹೇಳಿದ್ರು?"

"ನಿಮ್ಮಣ್ಣ."

"ವೆಬ್‌ಸೈಟಿಗೆ ಹಾಕು ಅಂತ?"

"ಅದು... ಸಮಿತಿಯೋರು. ನಾನೂ."

"ನನ್ನ ಕೇಳಿದ್ರಾ?"

ಐವತ್ತೆರಡು ವರ್ಷ, ಮುನ್ನೂರ ನಲವತ್ತು ಮನೆ. ಕೊಟ್ಟ ಹೆಣ್ಣುಗಳೇ ಸಾವಿರಾರು. ಯಾರನ್ನು ಕೇಳಿದ್ದೇನೆ ಎಂದು ಯೋಚಿಸಿದೆ. ಯಾವ ಹೆಸರೂ ಬರಲಿಲ್ಲ. ಕೇಳುವ ಪದ್ಧತಿಯಿಲ್ಲ ಎನ್ನಬಹುದಿತ್ತು. ಅನ್ನಲಿಲ್ಲ.

"ಈಗ ಕೇಳ್ತೀನಿ. ಏನು ಬರೀಲಿ?" ಎಂದೆ.

"ಹೆಸರು ಇರ್ಲಿ. ಊರು ಹೊಡೆದು ಹಾಕ್ರಿ. ಅವನ ಹೆಸರು ಇರ್ಲೇಬೇಕು ಅಂದ್ರೆ, ಕೈ ಮುರ್ದ ಅಂತನೂ ಬರೀರಿ. ಸತ್ತಿದ್ದನ್ನ ಇವತ್ತೇ ಅಳಿಸ್ರಿ. ನಾಳೆ ಠಾಣೆಯಾಗೆ ಅವನು ಅದನ್ನೇ ತೋರಿಸಿದ್ರೆ? ಸತ್ತೋಳ ಕಂಪ್ಲೇಂಟು ಯಾರು ತಗಂತಾರೆ?"

ಆಗಲೇ ಗೊತ್ತಾದದ್ದು, ಅವಳು ಓಡಿ ಹೋಗುವುದಿಲ್ಲ ಎಂದು. ಶಿವಮೊಗ್ಗಕ್ಕೆ ಹೋಗಿ ಅವಿತುಕೋ ಎಂದು ಪಾಲಯ್ಯ ಹೇಳಿದ್ದನಂತೆ. "ಆರು ವರ್ಷದಾಗೆ ಈ ಊರು ನಂದಾಗೈತೆ. ಅವನು ಬಂದಾಗೆಲ್ಲ ನಾನು ಊರು ಬಿಟ್ರೆ ಕೊನೆಗೆ ಊರೇ ಉಳಿಯಲ್ಲ" ಎಂದಳು. ಶೆಡ್ಡಿನ ಹೆಂಗಸರೆಲ್ಲ ಕೂಡಿ ಠಾಣೆಗೆ ಹೋಗಿ ಬಂದಿದ್ದಾರೆ. ಅಲ್ಲಿ ಕೇಳಿದರಂತೆ, ‘ಅಡಿಕೆ ವ್ಯಾಪಾರಕ್ಕೆ ಬಂದೆ, ಅಕಸ್ಮಾತ್ ಹೆಂಡ್ತಿ ಕಂಡಳು ಅಂತಾನೆ. ಹುಡುಕ್ಕೊಂಡೇ ಬಂದ ಅನ್ನೋದಕ್ಕೆ ಏನೈತೆ?’

"ನಿಮ್ಮ ತಾವ ಐತೆ. ನಾಳೆ ಬಂದು ಹೇಳ್ತೀರಾ? ನಿಮ್ಮ ಕೈಯಿಂದ ಹೋತು ಅಂತ, ಎಲ್ಲಾರ ಮುಂದೆ?"

ಲಕ್ಷ್ಮೀಕಾಂತನಿಗೆ ಫೋನು ಮಾಡಿದೆ. ಅವಳು ಏನು ಹೇಳಿದಳೋ ಹಾಗೇ ಹೇಳಿದೆ. ಅವನು ಸಮಿತಿಯ ಮಾತೆತ್ತಲಿಲ್ಲ. "ಆ ಸಾಲು ಈಗ್ಲೇ ತೆಗೀತೀನಿ ಅಜ್ಜ. ಬದುಕಿರೋರ ಊರು ಕೇರಿ ಎಲ್ಲಾ ಮುಚ್ತೀನಿ. ಬೈದ್ರೆ ಬೈಸ್ಕಂತೀನಿ" ಎಂದ. ಚಂದ್ರಕ್ಕನಿಗೂ ಮಾಡಿದೆ. "ರಿಜಿಸ್ಟರ್ ತಗಂಡು ಮೊದಲ್ನೇ ಬಸ್ಸಿಗೆ ಬರ್ತೀನಿ" ಎಂದಳು. ನಾನು ಕೇಳುವ ಮೊದಲೇ.

ಪುಸ್ತಕದಲ್ಲಿ ಊರಿನ ಮೇಲೆ ಗೆರೆ ಎಳೆದೆ. ‘ಕೈ ಮುರಿದ’ ಎಂದು ಬರೆದು ಅವಳಿಗೆ ಓದಿ ಹೇಳಿದೆ. ಯಾವ ಕೈ ಎಂದೂ ಬರೆಯಿರಿ ಎಂದಳು. ಎಡಗೈ.

ರಾತ್ರಿ ಸಿದ್ದಕ್ಕನ ಮನೆಯಲ್ಲೇ ಊಟ, ಜಗಲಿಯಲ್ಲೇ ಹಾಸಿಗೆ. ದುರುಗಕ್ಕನಿಗೆ ಫೋನು ಮಾಡಲಿಲ್ಲ.

28 ನವೆಂಬರ್, ಬುಧವಾರ

ಹನ್ನೊಂದು ಗಂಟೆಗೆ ಬಂದ. ಅದೇ ಟವೆಲ್ಲು. ಬಾಗಿಲಲ್ಲಿ ನನ್ನನ್ನು ಕಂಡು, "ಓ ಅಜ್ಜ, ನೀವಿಲ್ಲಿ? ವಡೆ ಚೆನ್ನಾಗಿದ್ವಾ?" ಎಂದ. ಹೆಂಗಸರು ಕತ್ತಿ ಬಿಟ್ಟು ಎದ್ದು ಅವನ ಸುತ್ತ ನಿಂತರು, ಬರಿಗೈಯಲ್ಲಿ. ಯಾರೂ ಮುಟ್ಟಲಿಲ್ಲ. ದಾರಿಯೂ ಬಿಡಲಿಲ್ಲ. ಪಾಲಯ್ಯ ಹಿಂದೆ ನಿಂತಿದ್ದ. ಪೊಲೀಸರು ಬರುವವರೆಗೆ ಶಿವಯ್ಯ ಮೊದಲು ನಕ್ಕ, ಆಮೇಲೆ ಕೂಗಿದ, ಆಮೇಲೆ ಟವೆಲಿನಿಂದ ಮುಖ ಒರೆಸಿಕೊಂಡ.

ಠಾಣೆಯಲ್ಲಿ ಅಡಿಕೆ ವ್ಯಾಪಾರದ ಕತೆಯನ್ನೇ ಹೇಳಿದ. ಚಂದ್ರಕ್ಕ ರಿಜಿಸ್ಟರ್ ತೆಗೆದು ಮೇಜಿನ ಮೇಲಿಟ್ಟಳು. ಹೆಸರು ಟೈಪು ಮಾಡಿಕೊಟ್ಟದ್ದು ತಾನೇ ಎಂದೂ ಹೇಳಿದಳು. ಲಕ್ಷ್ಮೀಕಾಂತ ಆ ಉದ್ದದ ಪಟ್ಟಿಯನ್ನು ಅಚ್ಚು ಹಾಕಿ ಬಸ್ ಕಂಡಕ್ಟರ್ ಕೈಲಿ ಕಳಿಸಿದ್ದ. ಮೂರೂ ಹತ್ತಕ್ಕೆ ಕೆಂಪು ಗೆರೆ ಹಾಕಿದ್ದ.

ಆಮೇಲೆ ನಾನು. ಪಾಲಯ್ಯ ಇದ್ದ, ಹೊಸದುರ್ಗದ ಕಡೆಯ ನನ್ನ ಪಾಲಿನ ಮನೆಯವರೇ ಇಬ್ಬರು ಬೇರೆ ಕೆಲಸಕ್ಕೆ ಬಂದು ಬೆಂಚಿನಲ್ಲಿ ಕೂತಿದ್ದರು. ನಾಳೆ ಹೊತ್ತು ಹುಟ್ಟುವುದರೊಳಗೆ ಎಲ್ಲ ಬಾಗಿಲಿಗೂ ಸುದ್ದಿ ಮುಟ್ಟುತ್ತದೆ. ಹೇಳಿದೆ. ‘ಈ ಮನೆಯ ಹಾಳೆ ನನ್ನ ಕೈಯಿಂದ ಹೋಯಿತು. ಹೋಟೆಲಿನಲ್ಲಿ ಇವನ ಮುಂದೆ ಜಂಬ ಕೊಚ್ಚಿದ್ದೂ ನಾನೇ.’ ರೈಟರ್ ಹಾಗೇ ಬರೆದುಕೊಂಡ, ನಾನು ಸಹಿ ಮಾಡಿದೆ. ಬೆಂಚಿನವರಿಬ್ಬರೂ ನನ್ನ ಮುಖ ನೋಡಲಿಲ್ಲ. ಪಾಲಯ್ಯನೂ ನೋಡಲಿಲ್ಲ, ಆದರೆ ನನ್ನ ಚೀಲ ಜಾರಿ ಬಿದ್ದಾಗ ಎತ್ತಿ ಕೊಟ್ಟ.

ಶಿವಯ್ಯನ ಮೇಲೆ ಕೇಸು ಬರೆದುಕೊಂಡರು. ಇವತ್ತು ಬಿಡುವುದಿಲ್ಲವಂತೆ. ನಾಳೆ ಕೋರ್ಟು. ಮುಂದೇನೋ ತಿಳಿಯದು.

ಎಲ್ಲ ಮುಗಿಯುವ ಹೊತ್ತಿಗೆ ಸಿದ್ದಕ್ಕ ನೀರು ಕುಡಿಯಲು ಹೊರಗೆ ನಲ್ಲಿಯ ಹತ್ತಿರ ಹೋಗಿದ್ದಳು. ರೈಟರ್ ಕಾಗದ ತಿರುವುತ್ತ, ಶಿವಯ್ಯ ಅಲ್ಲೇ ನಾಲ್ಕು ಮಾರು ದೂರದಲ್ಲಿ ಕೂತಿರುವಾಗಲೇ, ಗಟ್ಟಿಯಾಗಿ ಕೇಳಿದ.

"ಅಜ್ಜ, ಆ ಹೆಣ್ಮಗಳು ಮಲಗೋ ಮನೆ ಎಲ್ಲಿ? ಯಾವ ಬೀದಿ, ಎಷ್ಟನೇ ಮನೆ? ಒಂದು ಕಾಲಮ್ ಖಾಲಿ ಐತೆ."

ಶಿವಯ್ಯ ತಲೆ ಎತ್ತಿದ.

"ಅವಳನ್ನೇ ಕೇಳ್ರಿ" ಎಂದೆ.

"ನಿಂಗೆ ಗೊತ್ತಿಲ್ವಾ?"

"ಗೊತ್ತೈತೆ."

"ಮತ್ತೆ ಹೇಳು, ಬರ್ಕಂತೀನಿ. ಹೊತ್ತಾತು."

"ಅವಳನ್ನೇ ಕೇಳ್ರಿ."

ಅವನಿಗೆ ಸಿಟ್ಟು ಬಂತು. ಬರಲಿ.